ಇನ್ನು ಮುಂದೆ ಶೇರ್ ಫೋಲ್ಡರ್‌ಗೆ ಪಾಸ್‌ವರ್ಡ್ ಬೇಕು

ಪ್ರೀತಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ವಾರದಿಂದ ನಮ್ಮ ಹುಡುಗರು ನಿಮ್ಮೆಲ್ಲರ ಆಫೀಸಿಗೂ ಬಂದು, ನಾವು ಕೂರಿಸಿದ ಸರ್ವರ್ ಬಾಕ್ಸ್‌ಗಳನ್ನು, ಅಂದರೆ ಆಫೀಸಿನ ಫೈಲ್‌ಗಳನ್ನೆಲ್ಲ ಇಟ್ಟುಕೊಳ್ಳುವ ಪುಟ್ಟ ಕಂಪ್ಯೂಟರ್‌ಗಳನ್ನು, ಸರಿಮಾಡಿ ಹೋಗುತ್ತಾರೆ. ಅದಾದ ಮೇಲೆ, ಆಫೀಸಿನವರೆಲ್ಲ ಹಂಚಿಕೊಳ್ಳುವ ಶೇರ್ ಫೋಲ್ಡರ್ ತೆರೆಯಲು ಪಾಸ್‌ವರ್ಡ್ ಹಾಕಬೇಕು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಅದಕ್ಕೇ ಈ ಪತ್ರ.

ಕಳೆದ ತಿಂಗಳು ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಗೆ ಪ್ರಿಂಟರ್ ರಿಪೇರಿಗೆ ಹೋಗಿದ್ದೆವು. ಜಗಲಿಯಲ್ಲಿ ಕೂತು, ಗೆಸ್ಟ್‌ಗಳಿಗೆ ಕೊಡುವ ವೈಫೈಗೆ ಮೊಬೈಲ್ ಸೇರಿಸಿ ಸುಮ್ನೆ ನೋಡಿದರೆ, ಆಫೀಸಿನ ಫೋಲ್ಡರೇ ಕಾಣಿಸಿತು. ಪಾಸ್‌ವರ್ಡ್ ಕೇಳಲೇ ಇಲ್ಲ. ತೋಟದ ಆಳುಗಳ ಹಾಜರಿ, ಕಾಫಿ ಹಣ್ಣಿನ (ಚೆರಿ) ತೂಕದ ಲೆಕ್ಕ, ಬಂದು ಉಳಿದವರ ಆಧಾರ್ ಕಾರ್ಡಿನ ಸ್ಕ್ಯಾನ್ ಎಲ್ಲ ಅಲ್ಲಿತ್ತು. ಯಜಮಾನರ ಎದುರಿಗೇ ಒಂದು ಹೊಸ ಫೈಲ್ ಹಾಕಿ ನೋಡಿದೆವು. ಅದೂ ಹೋಗಿ ಕೂತಿತು. ಆ ಬಾಕ್ಸ್ ಕೂರಿಸಿದವರು ನಾವೇ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಸುಲಭವಾಗಲಿ ಅಂತ ಹಾಗೆ ತೆರೆದಿಟ್ಟಿದ್ದೆವು. ತಪ್ಪು ನಮ್ಮದು, ಕ್ಷಮಿಸಿ.

ಯಾರೋ ಲೆಕ್ಕ ಓದಿಬಿಡುತ್ತಾರೆ ಅನ್ನುವುದಕ್ಕಿಂತ, ಯಾರು ಬೇಕಾದರೂ ಫೈಲ್ ಹಾಕಬಹುದು ಅನ್ನುವುದೇ ನಮಗೆ ಜಾಸ್ತಿ ಭಯ ಹುಟ್ಟಿಸಿದ್ದು. ಈ ಬಾಕ್ಸ್‌ಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಇದೆ. ನಿಮ್ಮ ವಿಂಡೋಸ್ ಕಂಪ್ಯೂಟರಿಗೆ ಫೋಲ್ಡರ್ ತೋರಿಸುವುದು ಅದರಲ್ಲಿ ಓಡುವ ಸಾಂಬಾ ಅನ್ನುವ ಸಾಫ್ಟ್‌ವೇರ್. 2017ರ ಮೇ 24ರಂದು ಸಾಂಬಾ ತಯಾರಿಸುವವರೇ ಅದರಲ್ಲಿ ಒಂದು ದೋಷ ಇದೆ ಅಂತ ತಿಳಿಸಿದರು. ಶೇರ್ ಫೋಲ್ಡರ್‌ನಲ್ಲಿ ಫೈಲ್ ಹಾಕಲು ಆಗುವವರು ಒಂದು ಪ್ರೋಗ್ರಾಂ ಫೈಲ್ ತಂದು ಹಾಕಿ, ಸರ್ವರ್ ಕೈಯಲ್ಲೇ ಅದನ್ನು ಓಡಿಸಿಬಿಡಬಹುದು. ಓಡಿತು ಅಂದರೆ ಬಾಕ್ಸ್ ಅವರ ಕೈಗೆ ಹೋದ ಹಾಗೆಯೇ. 2010ರ 3.5.0 ಆವೃತ್ತಿಯಿಂದಲೂ ಈ ದೋಷ ಇತ್ತು. 4.6.4, 4.5.10, 4.4.14 ಆವೃತ್ತಿಗಳಲ್ಲಿ ಸರಿಮಾಡಿದರು.

ಹಳೆ ಕಥೆ ಅಲ್ವಾ ಅನ್ನಬೇಡಿ. ಕಂಪ್ಯೂಟರ್ ತಾನಾಗೇ ಅಪ್‌ಡೇಟ್ ಆಗುತ್ತದೆ, ಆದರೆ ಕೌಂಟರ್ ಕೆಳಗೆ ಧೂಳು ಹಿಡಿದು ಹಸಿರು ಲೈಟ್ ಮಿಣುಕಿಸುತ್ತಾ ಕೂತ ಬಾಕ್ಸನ್ನು ಕರೆಂಟ್ ಹೋದಾಗ ಬಿಟ್ಟರೆ ಯಾರೂ ನೋಡುವುದಿಲ್ಲ. ಕಂಪ್ಯೂಟರಿನಲ್ಲಿರುವ ಆಂಟಿವೈರಸ್ ಈ ಬಾಕ್ಸನ್ನು ಕಾಯುವುದೂ ಇಲ್ಲ.

ನಾವು ಬಂದಾಗ ಮೊದಲು ಸಾಂಬಾ ಆವೃತ್ತಿ ನೋಡಿ ಅಪ್‌ಡೇಟ್ ಮಾಡುತ್ತೇವೆ. ಕೆಲವು ಹಳೆ ಬಾಕ್ಸ್‌ಗಳಿಗೆ ಅಪ್‌ಡೇಟ್ ಬರುವುದೇ ನಿಂತಿದೆ. ಅಂಥದ್ದರಲ್ಲಿ, ಸೆಟ್ಟಿಂಗ್ಸ್ ಫೈಲಿನ ಗ್ಲೋಬಲ್ ಭಾಗದಲ್ಲಿ 'ಎನ್‌ಟಿ ಪೈಪ್ ಸಪೋರ್ಟ್' ಎದುರು 'ನೋ' ಅಂತ ಬರೆದು ಸಾಂಬಾ ಮತ್ತೆ ಶುರು ಮಾಡಿದರೆ ಈ ದಾರಿ ಮುಚ್ಚುತ್ತದೆ. ಆಮೇಲೆ ವಿಂಡೋಸ್‌ನಲ್ಲಿ ಕೆಲವು ಸೌಲಭ್ಯ ಕೆಲಸ ಮಾಡದೆ ಇರಬಹುದು, ಫೋಲ್ಡರ್‌ಗಳ ಪಟ್ಟಿ ಕಾಣಿಸದೆಯೂ ಇರಬಹುದು. ಹಾಗಾಗಿ ಇದು ತಾತ್ಕಾಲಿಕ, ಆ ಬಾಕ್ಸ್ ಬದಲಾಯಿಸಲೇಬೇಕು. ಗೆಸ್ಟ್ ವೈಫೈಯನ್ನು ಆಫೀಸಿನ ನೆಟ್‌ವರ್ಕಿನಿಂದ ಬೇರೆ ಮಾಡುತ್ತೇವೆ. ರೂಟರಿನಲ್ಲಿ 445 ಪೋರ್ಟ್, ಅಂದರೆ ಶೇರ್ ಫೋಲ್ಡರ್‌ಗೆ ಹೋಗುವ ಬಾಗಿಲು, ಹೊರಗಿನ ಇಂಟರ್ನೆಟ್‌ಗೆ ತೆರೆದಿದ್ದರೆ ಮುಚ್ಚುತ್ತೇವೆ. ಮೈಸೂರು, ಬೆಂಗಳೂರಿನಲ್ಲಿ ಕೂತು ತೋಟದ ಲೆಕ್ಕ ನೋಡುವವರಿಗೆ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕ ಆಫೀಸಿಗೆ ಬರುವ ಸುರಕ್ಷಿತ ದಾರಿ, ಹಾಕಿಕೊಡುತ್ತೇವೆ. ಅದಕ್ಕೆ ಅರ್ಧ ದಿನ ಬೇಕಾಗುತ್ತದೆ, ದಯವಿಟ್ಟು ಸಹಕರಿಸಿ.

ನಾವೇ ಕೂರಿಸಿದ ಬಾಕ್ಸ್‌ಗಳಿಗೆ ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಹೊಸ ಬಾಕ್ಸ್ ಬೇಕಾದವರಿಗೆ ಮಾತ್ರ ಅದರ ಬೆಲೆ. ಮಳೆ ಹಿಡಿದರೆ ಭಾಗಮಂಡಲದ ರಸ್ತೆ ಮೇಲೆ ನೀರು ನಿಲ್ಲುತ್ತದೆ, ಅದಕ್ಕೆ ಆ ಕಡೆಯಿಂದಲೇ ಶುರು ಮಾಡುತ್ತೇವೆ.

ನಾವು ಬರುವ ತನಕ ಎರಡು ಕೆಲಸ ಮಾಡಿ. ಹಾಜರಿ, ಲೆಕ್ಕದ ಫೈಲ್‌ಗಳನ್ನು ಒಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ಕಿತ್ತು ಬೀರುವಿನಲ್ಲಿಡಿ. ಗೆಸ್ಟ್ ಇರುವ ದಿನ ಬಾಕ್ಸಿನ ನೆಟ್‌ವರ್ಕ್ ಕೇಬಲ್ ತೆಗೆದಿಡಿ. ಯಾವ ಕೇಬಲ್ ಅಂತ ಗೊತ್ತಾಗದಿದ್ದರೆ ಫೋಟೋ ತೆಗೆದು ವಾಟ್ಸಾಪ್ ಮಾಡಿ, ಹೇಳುತ್ತೇವೆ.

ಇಂತಿ ನಿಮ್ಮವರು,
ಮಡಿಕೇರಿಯ ನಿಮ್ಮ ಕಂಪ್ಯೂಟರ್ ಸರ್ವಿಸ್ ಅಂಗಡಿ