ತಿಗ್ರಾನ್ ಮಾಲಿಕೆ ಮುಗಿಯಿತು, ಮೇಷ್ಟ್ರಿಗೆ ನಮಸ್ಕಾರ

ಅರ್ಮೇನಿಯದ ಗ್ಯುಮ್ರಿಯಲ್ಲಿ ಹುಟ್ಟಿದ ತಿಗ್ರಾನ್ ಹಮಾಸ್ಯಾನ್ ಜಾಝ್ ಪಿಯಾನೊ ವಾದಕರಾದ ದಾರಿಯನ್ನು ಕನ್ನಡದಲ್ಲಿ ವಿವರಿಸುವ ನಮ್ಮ ಮಾಲಿಕೆ ಭಾನುವಾರ ಮುಗಿಯಿತು. ಜಾಗ ಕೊಟ್ಟವರಿಗೆ, ಪಿಯಾನೊ ಶ್ರುತಿ ಮಾಡಿದವರಿಗೆ, ಪ್ರತಿ ವಾರ ಕುರ್ಚಿ ಹಾಕಿ ಎತ್ತಿಟ್ಟವರಿಗೆ, ಅರ್ಮೇನಿಯನ್ ಹೆಸರುಗಳ ಉಚ್ಚಾರ ತಿದ್ದಿಕೊಟ್ಟ ಗೆಳತಿಗೆ ಮನಸಾರೆ ವಂದನೆ.

ಉಳಿದದ್ದೆಲ್ಲ ಮೃದಂಗದ ಮೇಷ್ಟ್ರಿಗೆ.

ಮನೆಯಲ್ಲಿ ಅಪ್ಪ ಕೇಳುತ್ತಿದ್ದ ರಾಕ್, ರಾಜಧಾನಿ ಯೆರೆವಾನ್‌ನಲ್ಲಿ ವಹಾಗ್ ಹೈರಪೆತ್ಯಾನ್ ಕಲಿಸಿದ ಬೀಬಾಪ್ ಎಂಬ ಜಾಝ್ ಶೈಲಿ, 16ನೇ ವಯಸ್ಸಿಗೆ ಕ್ಯಾಲಿಫೋರ್ನಿಯ, 2006ರಲ್ಲಿ ಥೆಲೋನಿಯಸ್ ಮಂಕ್ ಜಾಝ್ ಸ್ಪರ್ಧೆಯ ಮೊದಲ ಬಹುಮಾನ: ಇಷ್ಟನ್ನು ಮಾತಿನಲ್ಲಿ ಹೇಳಿಬಿಡಬಹುದು. ಅವರ ಲಯವನ್ನು ನುಡಿಸಿಯೇ ತೋರಿಸಬೇಕು. ಕೊನೆಯ ಕಂತಿನ ಹಿಂದಿನ ರಾತ್ರಿ ಅದೇ ಕೂಡುತ್ತಿರಲಿಲ್ಲ.

ತಿಗ್ರಾನ್ ನಾಲ್ಕರ ತಾಳದ ಮೇಲೆ ಐದರ, ಏಳರ ಗುಂಪುಗಳನ್ನು ಹರಿಯಬಿಡುತ್ತಾರೆ. ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) 16 ಅಕ್ಷರದ ಎಣಿಕೆಯೆಂದರೆ ಐದರ ಗುಂಪು ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಮರಳುವುದು ಐದು ಆವರ್ತ, ಅಂದರೆ 80 ಅಕ್ಷರ ಕಳೆದ ಮೇಲೆ. ಲೆಕ್ಕ ಸುಲಭ, ಕೆಡುವುದು ಕಾಲಿನಲ್ಲಿ. ಮೂರನೇ ಆವರ್ತದ ಹೊತ್ತಿಗೆ ಪಾದ ಐದರ ಪೆಟ್ಟಿನ ಹಿಂದೆಯೇ ಹೋಗಿಬಿಡುತ್ತದೆ. ಆಮೇಲೆ ಕೇಳಿಸುವುದು ಬರೀ ಐದರ ತಾಳ, ಎರಡರ ನಡುವಿನ ಎಳೆತ ಹೋಗಿರುತ್ತದೆ.

ಮೇಷ್ಟ್ರು ಮೊದಲು ಪಿಯಾನೊ ಮುಚ್ಚಿಸಿದರು. ಕೈಯಲ್ಲಿ ನಾಲ್ಕರ ತಾಳ, ಬಾಯಲ್ಲಿ 'ತಕ ತಕಿಟ'. ಪ್ರತಿ ಆವರ್ತದ ಮೊದಲ ಪೆಟ್ಟಿಗೆ ಯಾವ ಅಕ್ಷರ ಬರುತ್ತದೆ ಎಂದು ಕೇಳಿಸಿಕೊಳ್ಳಿ ಎಂದರು. ಮೊದಲನೆಯದಕ್ಕೆ 'ತ', ಎರಡನೆಯದಕ್ಕೆ 'ಕ', ಮೂರಕ್ಕೆ ಮತ್ತೆ 'ತ', ನಾಲ್ಕಕ್ಕೆ 'ಕಿ', ಐದಕ್ಕೆ 'ಟ'. ಇದನ್ನು ಹಿಡಿದರೆ ಎಲ್ಲಿ ತಪ್ಪಿದೆವೆಂದು ಅಲ್ಲೇ ಗೊತ್ತಾಗುತ್ತದೆ. ನಾಲ್ಕನೆಯದರ 'ಕಿ' ನುಂಗಿಹೋಗುವುದೇ ಹೆಚ್ಚು. ಬಾಯಿ ನಿಂತ ಮೇಲೆ ಎಡಗೈ, ಎಡಗೈ ನಿಂತ ಮೇಲೆ ಬಲಗೈ.

ಅರ್ಮೇನಿಯದ ದುದುಕ್ ಎಂಬ ಊದುವ ವಾದ್ಯದಲ್ಲಿ ಜೊತೆಗಾರ ಉಸಿರು ಕಡಿಯದೆ ಒಂದೇ ಸ್ವರ ಹಿಡಿದಿರುತ್ತಾನೆ, ಅದಕ್ಕೆ 'ದಮ್' ಎನ್ನುತ್ತಾರೆ. ಕೇಳಿದೊಡನೆ ಮೇಷ್ಟ್ರು, "ಇದು ನಾಗಸ್ವರದ ಒತ್ತೇ ಅಲ್ಲವೇ?" ಎಂದರು. ಒತ್ತು ಎಂದರೆ ನಾಗಸ್ವರದ ಜೊತೆ ಒಂದೇ ಸ್ವರ ಹಿಡಿಯುವ ವಾದ್ಯ. ಆ ಹೋಲಿಕೆ ಹೊಳೆದ ಮೇಲೆಯೇ ಎಡಗೈ ಹಗುರವಾದದ್ದು.

ಎರಡು ಗಂಟೆಯ ಸುಮಾರಿಗೆ ಕೋಮಿತಾಸ್ ಭಾಗ ಓದಿದೆವು. ಹಳ್ಳಿ ಹಳ್ಳಿ ತಿರುಗಿ ಅರ್ಮೇನಿಯನ್ ಹಾಡುಗಳನ್ನು ಬರೆದುಕೊಂಡವರು ಅವರು. 1915ರಲ್ಲಿ ಆಟೊಮನ್ ತುರ್ಕಿಯಲ್ಲಿ ಅರ್ಮೇನಿಯನ್ನರ ನರಮೇಧ ಶುರುವಾದಾಗ, ಏಪ್ರಿಲ್ 24ರಂದು, ಅವರನ್ನೂ ಬಂಧಿಸಿ ಒಯ್ದರು. ಜೀವ ಉಳಿದರೂ ಮನಸ್ಸು ಚೇತರಿಸಿಕೊಳ್ಳಲಿಲ್ಲ. 1935ರಲ್ಲಿ ಪ್ಯಾರಿಸ್ ಬಳಿ ತೀರಿಕೊಂಡರು. ಆ ನರಮೇಧಕ್ಕೆ ನೂರು ವರ್ಷ ತುಂಬಿದ 2015ರಲ್ಲಿ ತಿಗ್ರಾನ್ ಯೆರೆವಾನ್‌ನ ಗಾಯಕವೃಂದದ ಜೊತೆ ಅರ್ಮೇನಿಯನ್ ಸ್ತೋತ್ರಗಳನ್ನು ಚರ್ಚಿನಿಂದ ಚರ್ಚಿಗೆ ಒಯ್ದು ನುಡಿಸಿದರು. ಓದುತ್ತಿದ್ದವರ ಗಂಟಲು ಕಟ್ಟಿತು. ಈ ವರ್ಷ ನಮ್ಮನ್ನು ಬಿಟ್ಟುಹೋದವರ ನೆನಪು ಬಂದು ಯಾರಿಗೂ ಅಳು ತಡೆಯಲಾಗಲಿಲ್ಲ. ಮೇಷ್ಟ್ರು ಸಮಾಧಾನದ ಮಾತೇನೂ ಆಡಲಿಲ್ಲ. ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರ ಬಾಯಲ್ಲೂ 'ತಕ ತಕಿಟ' ಶುರುವಾಯಿತು.

ಮೇಷ್ಟ್ರೇ, ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ನೀವು ಬರೆದುಕೊಟ್ಟ ಐದು ಅಕ್ಷರ ಈಗಲೂ ಪಿಯಾನೊ ಸ್ಟ್ಯಾಂಡಿನ ಮೇಲೇ ಇದೆ. ತೆಗೆದಿಲ್ಲ.