ಫಾರಂ ತುಂಬಿದವಳ ಕಾಗದ

ಸಾಗರ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಡುವು ಕೊಟ್ಟಿಲ್ಲ. ತೋಟಕ್ಕೆ ಔಷಧಿ ಹೊಡೆಸಲಾಗಲಿಲ್ಲವೆಂದು ನಿನ್ನ ಮಾವ ಬೆಳಗಿನಿಂದ ಮೋಡವನ್ನು ಬೈಯುತ್ತ ಜಗುಲಿಯಲ್ಲಿ ಕುಳಿತಿದ್ದಾರೆ. ನಿನಗೆ ನಿಮ್ಹಾನ್ಸ್‌ನಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದ್ದನ್ನು ಅಣ್ಣ ಫೋನಿನಲ್ಲಿ ಹೇಳಿದ. ಮಕ್ಕಳ, ಹದಿಹರೆಯದವರ ಮಾನಸಿಕ ಆರೋಗ್ಯ ನಿನ್ನ ವಿಷಯವಂತೆ. "ಇಷ್ಟು ಓದಿ ಹುಚ್ಚಾಸ್ಪತ್ರೆಗೇ ಹೋಗಬೇಕಿತ್ತೇ?" ಎಂದು ಪಕ್ಕದ ಮನೆಯವರು ಕೇಳಿದರು. ನಾನು ಕೊಟ್ಟ ಉತ್ತರ ಕಾಗದದಲ್ಲಿ ಬರೆಯುವಂಥದಲ್ಲ.

ನಿನ್ನ ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ 31 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ನಿನ್ನಂಥ ಸಂಶೋಧಕರು ಒಮ್ಮೆ ನಮ್ಮ ಶಾಲೆಗೂ ಬಂದಿದ್ದರು. ಅವರು ಕೊಟ್ಟದ್ದು ಎಸ್‌ಡಿಕ್ಯೂ, ಮಕ್ಕಳ ಮನಸ್ಸು, ನಡವಳಿಕೆಯ ತೊಂದರೆ ಗುರುತಿಸಲು ಲಂಡನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಒಂದು ಮಗುವಿಗೆ 25 ವಾಕ್ಯ, ಪ್ರತಿ ವಾಕ್ಯದ ಮುಂದೆ ಮೂರು ಚೌಕ: ನಿಜವಲ್ಲ, ಸ್ವಲ್ಪ ಮಟ್ಟಿಗೆ ನಿಜ, ಖಂಡಿತ ನಿಜ. ನನ್ನ ತರಗತಿಯಲ್ಲಿ 40 ಮಕ್ಕಳು. ಅಂದರೆ ಸಾವಿರ ಗುರುತು. ಬಿಸಿಯೂಟದ ಲೆಕ್ಕ ಬೇರೆ ಬಾಕಿಯಿತ್ತು, ಸಂಜೆಯ ಬಸ್ಸಿಗೆ ಇದ್ದದ್ದು ಮುಕ್ಕಾಲು ಗಂಟೆ. ಮೊದಲ ಏಳೆಂಟು ಮಕ್ಕಳಿಗೆ ಯೋಚಿಸಿ ಹಾಕಿದೆ. ಆಮೇಲೆ ಕೈ ತನ್ನಷ್ಟಕ್ಕೆ ಓಡಿತು. ಬೆಂಚು ಕುಟ್ಟುವ ಹುಡುಗರೆಲ್ಲ ತೊಂದರೆಯವರು, ಸದ್ದಿಲ್ಲದೆ ಕೂರುವ ಹುಡುಗಿಯರೆಲ್ಲ ಬಂಗಾರ.

ಕಿಟಕಿಯ ಪಕ್ಕ ಕೂರುವವಳೊಬ್ಬಳಿದ್ದಳು. ಶನಿವಾರ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿಸಿ ಓಮದ ನೀರು ಕುಡಿಸುತ್ತಿದ್ದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆರಿ ತಣ್ಣಗಾಗುವವರೆಗೂ ಗುಟುಕರಿಸುತ್ತಿದ್ದಳು. ಆಗಾಗ ತಲೆನೋವು, ಹೊಟ್ಟೆನೋವು ಎನ್ನುತ್ತಾಳೆಯೇ ಎಂಬ ವಾಕ್ಯ ಆ ಫಾರಂನಲ್ಲೇ ಇತ್ತು, ಪುಟ್ಟಿ. 'ನಿಜವಲ್ಲ' ಎಂದು ಗುರುತು ಹಾಕಿದೆ. ಮನಸ್ಸಿನ ಫಾರಂನಲ್ಲಿ ಹೊಟ್ಟೆಯ ಮಾತೇಕೆ, ಅಜೀರ್ಣವಿದ್ದೀತು ಎಂದುಕೊಂಡೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಭಾನುವಾರಗಳಲ್ಲಿ ಆ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ತಡವಾಗಿ ತಿಳಿಯಿತು.

ಹೋದ ಸಲ ನೀನು ಬಿಟ್ಟುಹೋದ ಕಟ್ಟಿನಲ್ಲಿ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬೆಂಗಳೂರಿನ ಅಧ್ಯಯನವಿತ್ತು. ಕನ್ನಡಕ ಒರೆಸಿಕೊಂಡು ಓದಿದೆ. 16 ವರ್ಷದೊಳಗಿನ 2,064 ಮಕ್ಕಳು, ನೂರಕ್ಕೆ 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರವರಲ್ಲಿ ಅದು 7.3. ವಯಸ್ಸು ಬೇರೆ, ಕೇಳಿದ ಬಗೆ ಬೇರೆ. ಯಾವುದು ಸರಿ ಎಂಬ ಜಗಳ ನನಗೆ ಬೇಡ. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಬೆಂಗಳೂರಿನ ಅಧ್ಯಯನದ ಇನ್ನೊಂದು ಅಂಕಿಗೆ. ತಮ್ಮ ಮಗುವಿಗೆ ತೊಂದರೆಯಿದೆ ಎಂದು ಅನ್ನಿಸಿದ್ದು 37.5 ಶೇಕಡಾ ಮನೆಯವರಿಗೆ ಮಾತ್ರ. ಉಳಿದವರು ನನ್ನ ಹಾಗೆ ಓಮದ ನೀರು ಕುಡಿಸಿದವರು. ಮಕ್ಕಳಿಗೆ ಬೀಳುವ ಹೊಡೆತಕ್ಕೂ ಈ ತೊಂದರೆಗಳಿಗೂ ನಂಟಿದೆ ಎಂಬುದನ್ನೂ ಅಲ್ಲೇ ಓದಿದೆ. ಬೆತ್ತ ಹಿಡಿದ ಕೈ ನನ್ನದೂ ಹೌದು.

ಹಾಗಾಗಿ ಅಂಕಿ ಕೂಡುವ ಮೊದಲು, ಆ ಗುರುತು ಹಾಕಿದ್ದು ಯಾರು, ಎಷ್ಟು ಹೊತ್ತಿನಲ್ಲಿ ಎಂದು ವಿಚಾರಿಸು. ಮೇಷ್ಟ್ರ ಮೇಜಿನ ಮೇಲೆ 40 ಫಾರಂ ಒಟ್ಟಿಗೆ ಇಡಬೇಡ, ದಿನಕ್ಕೆ ಐದು ಕೊಡು. ಪಕ್ಕದಲ್ಲಿ ಕುಳಿತು ಹೊಟ್ಟೆನೋವಿನ ವಾಕ್ಯ ಏಕಿದೆಯೆಂದು ಹೇಳು. 11 ದಾಟಿದ ಮಕ್ಕಳು ತಾವೇ ತುಂಬುವ ಫಾರಂ ಇದೆಯಲ್ಲ, ಅದನ್ನು ಅಪ್ಪ ಅಮ್ಮ ಇಣುಕದ ಜಾಗದಲ್ಲಿ ತುಂಬಿಸು.

ಇನ್ನೊಂದು ಮಾತು. ಮಗುವಿನ ಕಣ್ಣಲ್ಲಿ ನೀರು ಕಂಡ ಕೂಡಲೇ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟುಬಿಡಬೇಡ. ನಿನ್ನದು ಕರಗುವ ಕರುಳು, ಬಾಯಿಗೆ ಬಂದೇ ಬಿಡುತ್ತದೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ನೀನು ತಿಳಿಸಲೇಬೇಕು. ಕೊಟ್ಟ ಮಾತು ಮುರಿದರೆ ಆ ಮಗು ಇನ್ನೊಬ್ಬರ ಮುಂದೆ ಬಾಯಿ ಬಿಡುವುದಿಲ್ಲ. ಯಾವುದನ್ನು ಗುಟ್ಟಾಗಿ ಇಡಬಲ್ಲೆ, ಯಾವುದನ್ನು ಇಡಲಾರೆ ಎಂದು ಮೊದಲೇ ಹೇಳಿಬಿಡು. ಅದರಿಂದ ಒಂದಿಬ್ಬರು ಸುಮ್ಮನಾದರೂ ಆಗಲಿ.

ನಮ್ಮ ಶಾಲೆಗೆ ಬಂದವರು ಫಾರಂ ಕಟ್ಟಿಕೊಂಡು ಜೀಪು ಹತ್ತಿದವರು ತಿರುಗಿ ನೋಡಲಿಲ್ಲ. ಏನು ಕಂಡಿತೆಂದು ಒಂದು ಹಾಳೆ ಕನ್ನಡದಲ್ಲಿ ಬರೆದು ಕಳಿಸಿದ್ದರೆ, ಹೊಟ್ಟೆನೋವಿನ ಅರ್ಥ ನನಗೆ ಆ ವರ್ಷವೇ ಆಗುತ್ತಿತ್ತೋ ಏನೋ. ನೀನು ಆ ಹಾಳೆ ಬರೆಯುವಾಗ ನನಗೊಂದು ಪ್ರತಿ ಕಳಿಸು. ಇಲ್ಲಿನ ಶಾಲೆಗೆ ಹೊಸದಾಗಿ ಬಂದಿರುವ ಮೇಡಂ ಕೈಯಲ್ಲಿ ಕೊಟ್ಟು ಓದಿಸಿ, ಎಲ್ಲೆಲ್ಲಿ ತಡವರಿಸುತ್ತಾರೋ ಅಲ್ಲಿ ಗೆರೆ ಎಳೆದು ವಾಪಸು ಕಳಿಸುತ್ತೇನೆ. ಅಣ್ಣನ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟಿದ್ದೇನೆ. ಹಾಸ್ಟೆಲಿನಲ್ಲಿ ಒದ್ದೆ ಚಮಚ ಹಾಕಲು ಯಾರಿಗೂ ಬಿಡಬೇಡ.

ಇತಿ,
ನಿನ್ನ ಅತ್ತೆ