ನಮ್ಮ ಪಳ್ಳಗಳು ನಕ್ಷೆಯಲ್ಲಿ ಕಾಣಲಿ: ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತಿನ ಮಾನ್ಯ ಅಧ್ಯಕ್ಷರಿಗೆ, ನಮಸ್ಕಾರ.

2023ರಲ್ಲಿ ನಮ್ಮ ಜಿಲ್ಲೆ ತನ್ನದೇ ಆದ ಮರ, ಹೂವು, ಹಕ್ಕಿ, ಜೀವಿಗಳನ್ನು ಘೋಷಿಸಿತು. ಹೀಗೆ ಮಾಡಿದ ದೇಶದ ಮೊದಲ ಜಿಲ್ಲೆ ನಮ್ಮದು. ಕಾಸರಕನ ಮರ, ಬಿಳಿ ಹೊಟ್ಟೆಯ ಕಡಲ ಹದ್ದು, ಚಂದ್ರಗಿರಿ ಹೊಳೆಯ ಭೀಮನಾಮೆ ಎಂಬ ದೈತ್ಯ ಆಮೆ, ಪೆರಿಯ ಪೋಳತ್ತಾಳಿ ಹೂವು. ಓದಿ ತುಂಬಾ ಖುಷಿಯಾಗಿತ್ತು. ಇವು ಬದುಕುವ ಜಾಗಗಳು ಭೂಬಳಕೆ ನಕ್ಷೆಯಲ್ಲೂ ಕಾಣಬೇಕು ಎಂದು ಕೇಳಿಕೊಳ್ಳಲು ಈ ಪತ್ರ.

ಪೋಳತ್ತಾಳಿಯನ್ನೇ ನೋಡಿ. ಪೆರಿಯದಲ್ಲಿ ಸಿಕ್ಕಿದ ಈ ಗಿಡವನ್ನು ಹೊಸ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದು 2012ರಲ್ಲಿ. ಮುರಕಲ್ಲಿನ (ಕೆಂಪುಕಲ್ಲಿನ) ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲುಗಳಲ್ಲಿ, ಮಳೆನೀರು ನಿಂತು ಪಳ್ಳಗಳಾಗುತ್ತವಲ್ಲ, ಅದರ ಮನೆ ಅಲ್ಲಿ. ಮಾರ್ಚಿನಲ್ಲಿ ಹೋದರೆ ಅದೇ ಜಾಗದಲ್ಲಿ ಬಿಸಿ ಕಲ್ಲು, ಒಣಹುಲ್ಲು ಬಿಟ್ಟರೆ ಏನೂ ಕಾಣದು. ಉಪಗ್ರಹದ ಚಿತ್ರ ಸ್ಪಷ್ಟವಾಗಿ ಸಿಗುವುದು ಮೋಡವಿಲ್ಲದ ಆ ತಿಂಗಳುಗಳಲ್ಲೇ. ಹಾಗಾಗಿ ನಕ್ಷೆಯಲ್ಲಿ ಪದವು ಬರಡು ಭೂಮಿಯಾಗಿಬಿಡುತ್ತದೆ. ಅಳತೆಯೂ ಒಂದು ತೊಡಕು. 1:50,000ರ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದಲ್ಲಿ ಅರ್ಧ ಕಿಲೋಮೀಟರ್. ನಾಲ್ಕು ಸೆಂಟ್ಸ್ ಜಾಗದ ಪಳ್ಳ ಅದರಲ್ಲಿ ಕಾಣುವುದಾದರೂ ಹೇಗೆ, ಅಲ್ವಾ? ಕಾಗದದಲ್ಲಿ ಬರಡು ಎಂದಾದರೆ ಕೆಂಪುಕಲ್ಲಿನ ಕೋರೆಗೂ ಸೋಲಾರ್ ಯೋಜನೆಗೂ ಮೊದಲು ಕಣ್ಣು ಬೀಳುವುದು ಅಲ್ಲಿಗೇ. ಪದವಿನಲ್ಲಿ ಇಂಗಿದ ನೀರೇ ಕೆಳಗೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಗೆ, ತೋಡುಗಳಿಗೆ ಬರುತ್ತದೆ ಎಂಬುದು ನಮ್ಮ ಕೃಷಿಕರಿಗೆಲ್ಲ ಗೊತ್ತು.

ನಕ್ಷೆ ಬೇಡ ಎನ್ನುತ್ತಿಲ್ಲ. ಎಲ್ಲಿ ಹುಡುಕಬೇಕೆಂದು ತಿಳಿಯಲು ಅದೇ ಬೇಕು. ಬರಡು ಕಲ್ಲುಭೂಮಿ ಎಂದು ಗುರುತಾದ ಜಾಗಗಳನ್ನೆಲ್ಲ ಮೊದಲು ಪಟ್ಟಿ ಮಾಡಿಸಿ. ನೆಲದ ಏರುತಗ್ಗಿನ ನಕ್ಷೆಯನ್ನು ಅದರ ಮೇಲಿಟ್ಟರೆ ನೀರು ನಿಲ್ಲಬಹುದಾದ ಸಮತಟ್ಟು ಜಾಗಗಳು ಹೊರಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನಡೆದೇ ನೋಡಬೇಕು, ಬೇರೆ ದಾರಿಯಿಲ್ಲ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪಂಚಾಯತುಗಳಲ್ಲಿ ನಿರ್ವಹಣಾ ಸಮಿತಿಗಳಿವೆ. ಊರಿನ ಜೀವವೈವಿಧ್ಯದ ದಾಖಲೆ ಇಡುವುದು ಅವುಗಳದೇ ಕೆಲಸ. ಸಿಕ್ಕಿದ್ದನ್ನು ಸರ್ವೆ ನಂಬರಿನ ಜೊತೆ ಬರೆಸಿ. ಗದ್ದೆ ಮತ್ತು ಜೌಗು ನೆಲಕ್ಕೆ ಕೇರಳದ 2008ರ ಸಂರಕ್ಷಣಾ ಕಾಯ್ದೆಯಡಿ ಡೇಟಾ ಬ್ಯಾಂಕ್, ಅಂದರೆ ಅಂಥ ಜಾಗಗಳ ಅಧಿಕೃತ ಪಟ್ಟಿ, ಇದೆಯಲ್ಲ, ಪದವಿಗೂ ಹಾಗೊಂದು ಇರಲಿ.

ಭೀಮನಾಮೆಯ ವಿಷಯ ಬೇರೆ. ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದಿರುವ ಜೀವಿ ಅದು. ಮೊಟ್ಟೆಯಿಡಲು ಹೊಳೆಬದಿಯ ಮರಳು ಬೇಕು. ಆ ಮರಳದಿಣ್ಣೆಗಳೋ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತವೆ, ಹಳೆಯ ನಕ್ಷೆ ನಂಬಿ ಕೂರುವಂತಿಲ್ಲ. ಚಂದ್ರಗಿರಿಗೆ ಸೇರುವ ಪಯಸ್ವಿನಿ ಸುಳ್ಯದ ಕಡೆಯಿಂದ ಬರುವುದರಿಂದ ದಕ್ಷಿಣ ಕನ್ನಡದವರನ್ನೂ ಜೊತೆಗೆ ಸೇರಿಸಿಕೊಳ್ಳಿ.

ಇನ್ನೊಂದು ಮಾತು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಪಳ್ಳಗಳ ಬಗ್ಗೆ ಜಾಸ್ತಿ ತಿಳಿದವರು ದನ ಮೇಯಿಸಿದ, ಸೊಪ್ಪು ತಂದ ಹಿರಿಯರು. ಅವರಲ್ಲಿ ಎಷ್ಟೋ ಮಂದಿ ಓದುವುದು ಕನ್ನಡದಲ್ಲಿ. ಸಮೀಕ್ಷೆಯ ಫಾರಂ ಕನ್ನಡದಲ್ಲೂ ಇರಲಿ.

ಬರುವ ಮಳೆಗಾಲಕ್ಕೆ ಒಂದೆರಡು ಪಂಚಾಯತುಗಳಲ್ಲಾದರೂ ಶುರು ಮಾಡಿ. ಅಲ್ಲಿ ಸಮೀಕ್ಷೆ ಮುಗಿಯುವವರೆಗೆ ಪದವಿನಲ್ಲಿ ಹೊಸ ಕೋರೆಗೆ ಅನುಮತಿ ಕೊಡದಂತೆ ಸಂಬಂಧಪಟ್ಟವರಿಗೆ ಬರೆಯಿರಿ. ನಡೆದು ನೋಡುವ ಕೆಲಸಕ್ಕೆ ಕರೆದರೆ ಖಂಡಿತ ಬರುತ್ತೇನೆ.

ಇತಿ,
ಮುಳ್ಳೇರಿಯಾ ಕಡೆಯ ಒಬ್ಬ ಕೃಷಿಕ